ಪಾಯ ತೋಡುವ ಮೊದಲು: ಹಂಪಿ ಸೀಮೆಯ ಹಳ್ಳಿಗಳಲ್ಲಿ ಮನೆ ಕಟ್ಟಲು ಪರವಾನಗಿ

ಸಂಕ್ರಾಂತಿ ಕಳೆದು ಭತ್ತದ ದುಡ್ಡು ಕೈಗೆ ಬಂತೆಂದರೆ ಕಂಪ್ಲಿ, ಹೊಸಪೇಟೆ ಕಡೆಯ ಹಳ್ಳಿಗಳಲ್ಲಿ ಮನೆ ಕಟ್ಟುವ ಮಾತು ಶುರುವಾಗುತ್ತದೆ. ಮೊದಲು ಗೌಂಡಿಯನ್ನು ಕರೆಸುತ್ತಾರೆ. ಅವನು ದಾರ ಹಿಡಿದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾನೆ. ಆಮೇಲೆ ಮುಹೂರ್ತ, ಕಬ್ಬಿಣ, ಸಿಮೆಂಟು, ಉಸುಕು. ಪಂಚಾಯಿತಿ ಲೈಸೆನ್ಸಿನ ಮಾತು ಬಂದರೆ ಮನೆಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಅದನ್ನ ಆಮೇಲೆ ನೋಡ್ಕೊಂಡ್ರಾತು ಬಿಡ್ರಿ, ಎಲ್ಲಾರೂ ಹಂಗ ಕಟ್ಯಾರ."

ಎಲ್ಲರೂ ಹಾಗೆ ಕಟ್ಟಿಲ್ಲ. ಹಾಗೆ ಕಟ್ಟಿದವರಲ್ಲಿ ಹಲವರು ಈಗ ಬ್ಯಾಂಕ್ ಸಾಲ ಸಿಗದೆ, ಕರೆಂಟ್ ಮೀಟರ್ ಸಿಗದೆ, ಇಲ್ಲವೇ ಗೋಡೆಗೆ ನೋಟಿಸ್ ಅಂಟಿಸಿಕೊಂಡು ಓಡಾಡುತ್ತಿದ್ದಾರೆ. ನಮ್ಮ ಸೀಮೆ ಬೇರೆ ಹಳ್ಳಿಗಾಡಿನಂತಲ್ಲ. ಇಲ್ಲಿ ಒಂದು ಹೊಲದ ಪಕ್ಕ ಐನೂರು ವರ್ಷದ ಮಂಟಪ ಇರುತ್ತದೆ, ಇನ್ನೊಂದು ಹೊಲದ ಅಂಚಿನಲ್ಲಿ ಕಾಲುವೆ ಇರುತ್ತದೆ, ಸಂಡೂರಿನ ಕಡೆ ಹೋದರೆ ಊರಿನ ಹಿಂದೆಯೇ ಅರಣ್ಯದ ಗಡಿ ಕಲ್ಲು ಇರುತ್ತದೆ. ಹಾಗಾಗಿ ಮೊದಲ ದಿನದ ಓಡಾಟ ಗೌಂಡಿಯ ಮನೆಗೂ ಬೇಡ, ಇಂಜಿನಿಯರ್ ಆಫೀಸಿಗೂ ಬೇಡ. ನಿಮ್ಮ ಜಾಗ ಯಾರ ಯಾರ ಲೆಕ್ಕದಲ್ಲಿ ಬರುತ್ತದೆ ಎಂದು ತಿಳಿದುಕೊಳ್ಳುವುದೇ ಆ ದಿನದ ಕೆಲಸ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಪರವಾನಗಿ ಎಂದರೆ ಏನು?

ಹಳ್ಳಿಯಲ್ಲಿ ಮನೆ ಕಟ್ಟಲು ಒಪ್ಪಿಗೆ ಕೊಡುವ ಅಧಿಕಾರ ಗ್ರಾಮ ಪಂಚಾಯಿತಿಯದು. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣ ಇದನ್ನು ಹೇಳುತ್ತದೆ. ಹೊಸ ಕಟ್ಟಡ ಕಟ್ಟುವುದಕ್ಕೆ, ಇರುವ ಮನೆಗೆ ಕೋಣೆ ಸೇರಿಸುವುದಕ್ಕೆ, ಹಳೆಯ ಮಾಳಿಗೆ ಮನೆ ಕೆಡವಿ ಅದೇ ಜಾಗದಲ್ಲಿ ಮತ್ತೆ ಕಟ್ಟುವುದಕ್ಕೆ, ಎಲ್ಲಕ್ಕೂ ಪಂಚಾಯಿತಿಯ ಬರಹದ ಒಪ್ಪಿಗೆ ಬೇಕು. ಬರಹದ ಒಪ್ಪಿಗೆ ಎಂಬ ಮಾತನ್ನು ಗಮನದಲ್ಲಿಡಿ. ಸದಸ್ಯರೊಬ್ಬರು "ಕಟ್ಟು, ನಾನದೀನಿ" ಎಂದು ಬಾಯಿಮಾತಿನಲ್ಲಿ ಹೇಳಿದರೆ ಅದು ಒಪ್ಪಿಗೆ ಆಗುವುದಿಲ್ಲ. ಒಪ್ಪಿಗೆ ಇಲ್ಲದೆ ಕಟ್ಟಿದರೆ ಕೆಲಸ ನಿಲ್ಲಿಸಲು, ಬದಲಾಯಿಸಲು, ಕೆಡವಲು ನೋಟಿಸ್ ಕೊಡುವ ಅಧಿಕಾರವೂ ಅದೇ ಪ್ರಕರಣದಲ್ಲಿದೆ.

ಸುಣ್ಣ ಬಳಿಯುವುದು, ಒಡೆದ ಹೆಂಚು ಬದಲಿಸುವುದು, ಬಾಗಿಲು ರಿಪೇರಿ ಮಾಡುವುದು ಇಂಥವಕ್ಕೆ ಸಾಮಾನ್ಯವಾಗಿ ಯಾರೂ ಪರವಾನಗಿ ಕೇಳುವುದಿಲ್ಲ. ಆದರೆ ಸ್ಮಾರಕದ ಹತ್ತಿರ ಈ ಮಾತು ನಡೆಯುವುದಿಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಇಲ್ಲಿ ಹೇಳುತ್ತಿರುವುದು ಗ್ರಾಮ ಪಂಚಾಯಿತಿಯ ಹಳ್ಳಿಗಳ ಮಾತು. ಹೊಸಪೇಟೆ ನಗರಸಭೆ, ಕಂಪ್ಲಿ ಮತ್ತು ಸಂಡೂರು ಪುರಸಭೆ, ಕಮಲಾಪುರ ಪಟ್ಟಣ ಪಂಚಾಯಿತಿ ಇವುಗಳ ಒಳಗೆ ದಾರಿ ಬೇರೆ. ಅಲ್ಲಿ ಇ-ಆಸ್ತಿಯ ನಮೂನೆ 3 ಕೇಳುತ್ತಾರೆ, ಅರ್ಜಿ ಹಾಕುವುದೂ ಅಲ್ಲಿಯ ಕಚೇರಿಯಲ್ಲೇ. ಇನ್ನೊಂದು ಗೊಂದಲ ಜಿಲ್ಲೆಯದು. 2021ರ ಅಕ್ಟೋಬರ್ 2ರಿಂದ ವಿಜಯನಗರ ಜಿಲ್ಲೆ ಕೆಲಸ ಶುರುಮಾಡಿತು. ಹೊಸಪೇಟೆ ಅದರ ಕೇಂದ್ರ. ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹೊಳೆ ದಾಟಿದರೆ ಆನೆಗೊಂದಿ ಕೊಪ್ಪಳ ಜಿಲ್ಲೆ. ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕಾದ ಕಾಗದವಿದ್ದರೆ ಯಾವ ಊರಿಗೆ ಬಸ್ ಹತ್ತಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ.

ನಿಮ್ಮ ಜಾಗ ಯಾವ ಲೆಕ್ಕದಲ್ಲಿದೆ?

ಮೊದಲು ಸರ್ವೆ ನಂಬರ್ ಗೊತ್ತುಮಾಡಿಕೊಳ್ಳಿ. ಮೊಬೈಲಿನಲ್ಲಿ 'ದಿಶಾಂಕ್' ಎಂಬ ಸರ್ಕಾರಿ ಆ್ಯಪ್ ಹಾಕಿಕೊಂಡು ಜಾಗದ ನಡುವೆ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ನಕ್ಷೆಯ ಮೇಲೆ ತೋರಿಸುತ್ತದೆ. ಅದು ಅಳತೆಯ ದಾಖಲೆ ಅಲ್ಲ, ದಿಕ್ಕು ತೋರಿಸುವ ಕೈಕಂಬ ಅಷ್ಟೇ. ಆದರೂ ಪಕ್ಕದಲ್ಲಿ ಕೆರೆ, ಹಳ್ಳ, ಸರ್ಕಾರಿ ಜಾಗ, ಅರಣ್ಯ ಇದೆಯೇ ಎಂಬುದು ಕೂತಲ್ಲೇ ತಿಳಿಯುತ್ತದೆ.

ಆಮೇಲೆ ನೋಡಬೇಕಾದದ್ದು ಭೂಮಿಯ ಬಗೆ. ಗ್ರಾಮಠಾಣದ ಒಳಗಿದೆಯೇ, ಹೊಲದಲ್ಲಿದೆಯೇ? ಗ್ರಾಮಠಾಣ ಎಂದರೆ ಹಳೆಯ ಊರಿನ ವಸತಿ ಗಡಿ. ಅದರೊಳಗೆ ಅಜ್ಜನ ಕಾಲದ ಮನೆ ಇದ್ದರೆ ಕೆಲಸ ಸಲೀಸು. ಹೊಲದಲ್ಲಿದ್ದರೆ ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಪ್ರಕರಣದಡಿ ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ ಆಗಬೇಕು. ನಮ್ಮ ಜನ 'ಎನ್ಎ ಮಾಡಿಸೋದು' ಅನ್ನುವುದು ಇದಕ್ಕೇ. ಅದರ ಅರ್ಜಿ ಈಗ ಆನ್‌ಲೈನಿನಲ್ಲಿ, ಪ್ರಮಾಣಪತ್ರದ ಜೊತೆ ಹೋಗುತ್ತದೆ. ಎನ್ಎ ಆದ ಮೇಲೂ ಯೋಜನಾ ಪ್ರಾಧಿಕಾರದಿಂದ ವಿನ್ಯಾಸ ನಕ್ಷೆಗೆ ಒಪ್ಪಿಗೆ ಬೇಕು. ಒಂದೇ ಮನೆಗೆ ಒಂದೇ ನಿವೇಶನವಾದರೆ ಅದನ್ನು 'ಏಕ ನಿವೇಶನ' ಒಪ್ಪಿಗೆ ಎನ್ನುತ್ತಾರೆ. ಹೊಸಪೇಟೆ ಸುತ್ತಲಿನ ಹಳ್ಳಿಗಳಿಗೆ ಹೊಸಪೇಟೆ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ 'ಹುಡಾ', ಇದನ್ನು ನೋಡುತ್ತದೆ.

"ನಮ್ಮ ಹೊಲದಾಗ ನಾವು ಮನಿ ಕಟ್ಟಿಕೊಂಡ್ರ ಏನಾಗ್ತದ?" ಎಂದು ಕೇಳುವವರಿದ್ದಾರೆ. ರೈತನಿಗೆ ತನ್ನ ಹೊಲದಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ, ತೋಟದ ಮನೆ ಕಟ್ಟಿಕೊಳ್ಳಲು ಅದೇ 95ನೇ ಪ್ರಕರಣ ಜಾಗ ಬಿಟ್ಟಿದೆ. ಆದರೆ ತೋಟದ ಮನೆ ಹಿಡುವಳಿಯ ಶೇ 10ನ್ನು ಮೀರಬಾರದು. ಅದು ರೈತನ ಸ್ವಂತ ಬಳಕೆಗೆ ಮಾತ್ರ, ವ್ಯಾಪಾರಕ್ಕೆ ಬಾಡಿಗೆ ಕೊಡುವಂತಿಲ್ಲ. ತೋಟದ ಮನೆ ಎಂದು ಕಟ್ಟಿ ಪ್ರವಾಸಿಗರಿಗೆ ಕೋಣೆ ಕೊಟ್ಟರೆ ಈ ರಿಯಾಯಿತಿ ನಿಮ್ಮ ಕೈ ಹಿಡಿಯುವುದಿಲ್ಲ.

ಸಂಡೂರು ತಾಲ್ಲೂಕಿನವರು ಪಹಣಿಯ ಷರಾ ಕಾಲಂ ಓದದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅರಣ್ಯದ ಉಲ್ಲೇಖವಿದ್ದರೆ ಪಂಚಾಯಿತಿಗಿಂತ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಿ. ಕಂಪ್ಲಿ ಕಡೆಯವರಿಗೆ ನೀರಿನ ಲೆಕ್ಕ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುವುದನ್ನು, ಕೋಟೆ ಭಾಗಕ್ಕೆ ನೀರು ನುಗ್ಗುವುದನ್ನು ಎಲ್ಲರೂ ಕಂಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಹೊಳೆ ದಂಡೆಯವರಿಗೆ ನಿದ್ದೆ ಬರಲಿಲ್ಲ. ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತ್ತು ಎಂದು ಓಣಿಯ ಹಿರಿಯರನ್ನು ಕೇಳಿ, ಪಾಯದ ಎತ್ತರ ಅದರ ಮೇಲೆ ಇಡಿ. ಕಾಲುವೆ ಪಕ್ಕದ ಜಾಗವಾದರೆ, ಅದು ವಿಜಯನಗರ ಅರಸರ ಕಾಲದ ರಾಮಸಾಗರ ಕಾಲುವೆಯೇ ಇರಲಿ, ಡ್ಯಾಮಿನಿಂದ ಬರುವ ಕೆಳಮಟ್ಟದ ಕಾಲುವೆಯೇ ಇರಲಿ, ಕಾಲುವೆಯ ಏರಿಯೂ ಇಲಾಖೆಯ ಆಸ್ತಿ. ಅದರ ಅಂಚಿನವರೆಗೆ ಗೋಡೆ ಎಳೆಯುವಂತಿಲ್ಲ. ರಾಷ್ಟ್ರೀಯ ಹೆದ್ದಾರಿ 50 ಅಥವಾ 67ರ ಬದಿಯಾದರೆ ರಸ್ತೆಯ ಮಧ್ಯದಿಂದ ಸಾಮಾನ್ಯವಾಗಿ 40 ಮೀಟರ್ ಬಿಡಬೇಕಾಗುತ್ತದೆ.

ಹಂಪಿಯ ಲೆಕ್ಕ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಜನ ಅತಿ ಹೆಚ್ಚು ನಷ್ಟ ಅನುಭವಿಸುವುದು ಇಲ್ಲಿಯೇ.

ಹಂಪಿ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. 1999ರಲ್ಲಿ 'ಅಪಾಯದಲ್ಲಿರುವ ತಾಣ' ಎಂದು ಹೆಸರಾಯಿತು, 2006ರವರೆಗೂ ಆ ಪಟ್ಟಿಯಲ್ಲೇ ಇತ್ತು. ಆ ನಡುವೆ ಬಂದದ್ದು 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ. ಈ ಪ್ರಾಧಿಕಾರವನ್ನೇ ನಾವು 'ಹವಾಮಾ' ಅನ್ನುವುದು. ಇದರ ವ್ಯಾಪ್ತಿ ಹೊಳೆಯ ಎರಡೂ ದಂಡೆಯ 29 ಹಳ್ಳಿಗಳು. ನಡುವಿನ ಪರಂಪರೆ ವಲಯ, ಅಂದರೆ ಕೋರ್ ಜೋನ್, ಸುಮಾರು 4,187 ಹೆಕ್ಟೇರ್. ಅದರ ಸುತ್ತ ರಕ್ಷಣೆಗೆಂದು ಬಿಟ್ಟ ಬಫರ್ ಜೋನ್ ಸುಮಾರು 19,453 ಹೆಕ್ಟೇರ್. ಹಂಪಿ, ಕಮಲಾಪುರ, ಕಡ್ಡಿರಾಂಪುರ, ವೆಂಕಟಾಪುರ, ಆನೆಗೊಂದಿ ಈ ಊರುಗಳ ಹೆಸರು ನಿಮಗೆ ಗೊತ್ತೇ ಇದೆ. ಇಂಥ ಹಳ್ಳಿಯಲ್ಲಿ ಪಂಚಾಯಿತಿಯ ಪರವಾನಗಿಗೆ ಮೊದಲು ಹವಾಮಾದ ಒಪ್ಪಿಗೆ ಬೇಕು. ಎಷ್ಟು ಅಂತಸ್ತು, ಯಾವ ಬಳಕೆ ಎಂಬುದನ್ನು ಅದರ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲ್ಯಾನ್, ನೋಡಿ ತೀರ್ಮಾನಿಸುತ್ತಾರೆ.

ಇದರ ಮೇಲೆ ಇನ್ನೊಂದು ಕಾನೂನು ಇದೆ. ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಅದರಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ 'ನಿಷೇಧಿತ' ಪ್ರದೇಶ. ಅಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ ದುರಸ್ತಿಗೆ ಅವಕಾಶವಿದೆ, ಅದಕ್ಕೂ ಅನುಮತಿ ಬೇಕು. ಆಮೇಲಿನ 200 ಮೀಟರ್ 'ನಿಯಂತ್ರಿತ' ಪ್ರದೇಶ. ಅಲ್ಲಿ ಅನುಮತಿ ಪಡೆದು ಹೊಸದನ್ನೂ ಕಟ್ಟಬಹುದು. ಒಟ್ಟು 300 ಮೀಟರ್. ಈ ಕಾಯ್ದೆ ಮುರಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ.

ಹೋದ ವರ್ಷ ಹಂಪಿ ರಸ್ತೆ ಬದಿಯ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಮಗನ ಮದುವೆಗೆ ಮೊದಲು ಒಂದು ಕೋಣೆ ಕಟ್ಟಬೇಕಾಗಿತ್ತು. ನನ್ನನ್ನು ಕರೆದರು. ಹಿತ್ತಲಿನ ಆಚೆ ಬಾಳೆ ತೋಟ. ತೋಟದ ಕೊನೆಯಲ್ಲಿ ಅರ್ಧ ಮಣ್ಣಲ್ಲಿ ಹೂತ ಮಂಟಪ, ಅದರ ಒಂದು ಕಂಬಕ್ಕೆ ಯಾರೋ ಎಮ್ಮೆ ಕಟ್ಟಿದ್ದರು. "ಗುಡಿ ಅಷ್ಟು ದೂರ ಐತಲ್ಲಪ್ಪ, ನಮಗೇನು?" ಎಂದು ಚಿಕ್ಕಮ್ಮ ಮರಗಳ ಮೇಲೆ ಕಾಣುವ ಗೋಪುರದ ಕಡೆ ಕೈ ತೋರಿಸಿದರು. ಬಹಳ ಜನ ತಪ್ಪುವುದು ಇಲ್ಲೇ. ಅಳತೆ ಶುರುವಾಗುವುದು ಗೋಪುರದಿಂದಲ್ಲ, ಗರ್ಭಗುಡಿಯಿಂದಲೂ ಅಲ್ಲ. ಸ್ಮಾರಕಕ್ಕೆ ಸೇರಿದ ಸಂರಕ್ಷಿತ ಜಾಗದ ಗಡಿಯಿಂದ. ನಾವು ತೋಟ ಸುತ್ತಿ ಹೋಗಿ ತಂತಿ ಬೇಲಿ, ಪುರಾತತ್ವ ಇಲಾಖೆಯ ನೀಲಿ ಫಲಕ ಹುಡುಕಿದೆವು. ಅಲ್ಲಿಂದ ಹಿತ್ತಲ ಗೋಡೆಗೆ ಹೆಜ್ಜೆ ಎಣಿಸಿದರೆ ಸುಮಾರು 180 ಮೀಟರ್ ಆಯಿತು. ಗೋಪುರದಿಂದ ಲೆಕ್ಕ ಹಾಕಿದ್ದರೆ 300 ದಾಟುತ್ತಿತ್ತು. ಅಂದರೆ ಚಿಕ್ಕಮ್ಮನ ಹಿತ್ತಲು ನಿಯಂತ್ರಿತ ಪ್ರದೇಶದಲ್ಲಿದೆ. ಕೋಣೆ ಕಟ್ಟಬಹುದು, ಆದರೆ ದೆಹಲಿಯವರೆಗೆ ಕಾಗದ ಹೋಗಿ ಬರಬೇಕು. ಚಿಕ್ಕಮ್ಮ ಮುಹೂರ್ತ ಮುಂದೆ ಹಾಕಿದರು. ಹೆಜ್ಜೆಯ ಅಳತೆ ನಮ್ಮ ತಿಳಿವಳಿಕೆಗೆ ಮಾತ್ರ, ಅರ್ಜಿಯ ಜೊತೆ ಸರಿಯಾದ ಅಳತೆಯೇ ಹೋಗಬೇಕು.

ಈ ಅನುಮತಿಯ ಹೆಸರು ಎನ್ಒಸಿ, ಅಂದರೆ 'ನಮ್ಮ ತಕರಾರಿಲ್ಲ' ಎಂಬ ಪತ್ರ. ಅರ್ಜಿಯನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಆನ್‌ಲೈನ್ ವ್ಯವಸ್ಥೆಯ ಮೂಲಕ ರಾಜ್ಯದ ಸಕ್ಷಮ ಪ್ರಾಧಿಕಾರಿಗೆ ಹಾಕಬೇಕು. ಅವರು 15 ದಿನದಲ್ಲಿ ರಾಷ್ಟ್ರೀಯ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳಲ್ಲಿ ತನ್ನ ಶಿಫಾರಸು ಹೇಳಬೇಕು. ಆಮೇಲೆ ಒಂದು ತಿಂಗಳಲ್ಲಿ ನಿಮಗೆ ತೀರ್ಮಾನ ತಿಳಿಸಬೇಕು. ಎಲ್ಲ ಸರಿಯಾಗಿ ನಡೆದರೂ ಮೂರೂವರೆ ತಿಂಗಳು ಎಂದಿಟ್ಟುಕೊಳ್ಳಿ. ನಿಮ್ಮ ಹತ್ತಿರದ ಮಂಟಪ ಕೇಂದ್ರದ ರಕ್ಷಣೆಯಲ್ಲಿದೆಯೋ, ರಾಜ್ಯದ್ದೋ, ಯಾವ ಪಟ್ಟಿಯಲ್ಲೂ ಇಲ್ಲವೋ ಎಂದು ತಿಳಿಯಲು ಕಮಲಾಪುರದ ಪುರಾತತ್ವ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಹಂಪಿ ವೃತ್ತ 2020ರಿಂದ ಪ್ರತ್ಯೇಕ ವೃತ್ತವಾಗಿದೆ. ಮೊದಲಿನ ಹಾಗೆ ಪ್ರತಿಯೊಂದಕ್ಕೂ ಬೆಂಗಳೂರಿನ ಕಡೆ ನೋಡಬೇಕಾಗಿಲ್ಲ.

ಪಂಚಾಯಿತಿ ಕಾಗದವೊಂದೇ ಸಾಕು ಎಂದು ಈಗಲೂ ಅನ್ನಿಸುತ್ತಿದ್ದರೆ ವಿರೂಪಾಪುರಗಡ್ಡೆ ನೆನಪಿಸಿಕೊಳ್ಳಿ. ಆ ನಡುಗಡ್ಡೆಯಲ್ಲಿ ವರ್ಷಗಟ್ಟಲೆ ರೆಸಾರ್ಟುಗಳು ನಡೆದವು. 1988ರ ಅಧಿಸೂಚನೆಯಿಂದಲೇ ಅದು ಸಂರಕ್ಷಿತ ಪ್ರದೇಶ, ಅಲ್ಲಿಯ ಕಟ್ಟಡಗಳು ಅಕ್ರಮ ಎಂದು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದವು. ಅದಕ್ಕೂ ಮೊದಲು, 2011ರ ಜುಲೈನಲ್ಲಿ, ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಿದರು. ಎರಡೂ ಬೇರೆ ಬೇರೆ ಸಂಗತಿ. ಬಜಾರಿನ ಜನರಿಗೆ ಆದದ್ದು ನನಗೆ ಇವತ್ತಿಗೂ ನೋವಿನ ವಿಷಯ. ಆದರೆ ಈ ನೆಲದಲ್ಲಿ ಎಷ್ಟು ವರ್ಷ ಇದ್ದೇವೆ ಎಂಬುದು ಕಾಗದಕ್ಕೆ ಬದಲಿ ಆಗುವುದಿಲ್ಲ ಎಂಬುದನ್ನು ಎರಡೂ ಕಡೆ ಕಂಡೆವು.

ನಮೂನೆ 9 ಮತ್ತು ಅಳತೆ

ಜಾಗದ ಲೆಕ್ಕ ಚೊಕ್ಕವಾಯಿತು ಅನ್ನಿ. ಈಗ ನಿಮ್ಮ ಕೈಯಲ್ಲಿರಬೇಕಾದ ಮುಖ್ಯ ಕಾಗದ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಹಳ್ಳಿಯಲ್ಲಿ 'ಫಾರಂ ನೈನ್-ಇಲೆವೆನ್' ಅನ್ನುವುದು ಇದಕ್ಕೆ. 2013ರಿಂದ ಇವು ಕಂಪ್ಯೂಟರಿನಲ್ಲಿ, ಪಿಡಿಒ ಅವರ ಡಿಜಿಟಲ್ ಸಹಿಯೊಂದಿಗೆ ಬರುತ್ತಿವೆ. ಪಿಡಿಒ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ನಮೂನೆ 9 ಆಸ್ತಿಯ ಗುರುತು, 11ಎ ಅದರ ತೆರಿಗೆ ಲೆಕ್ಕ. ಗ್ರಾಮಠಾಣದ ಮನೆ, ಎನ್ಎ ಆಗಿ ವಿನ್ಯಾಸಕ್ಕೆ ಒಪ್ಪಿಗೆ ಪಡೆದ ನಿವೇಶನ, ಸರ್ಕಾರ ಹಕ್ಕುಪತ್ರ ಕೊಟ್ಟ ಜಾಗ ಇವುಗಳಿಗೆ ನಮೂನೆ 9 ಸಿಗುತ್ತದೆ. ಹೊಲದಲ್ಲಿ ಸುಮ್ಮನೆ ಕಲ್ಲು ನೆಟ್ಟು ಮಾರಿದ ನಿವೇಶನಕ್ಕೆ ಸಿಗುವುದಿಲ್ಲ. ಅಂಥವಕ್ಕೆ 11ಬಿ ಎಂಬ ಬೇರೆ ನಮೂನೆ ಇದೆ. ಅದು ತೆರಿಗೆ ಕಟ್ಟುವುದಕ್ಕೆ ಇರುವ ಲೆಕ್ಕ, ಅದರಿಂದ ಜಾಗ ಸಕ್ರಮ ಆಗುವುದಿಲ್ಲ. ಹೊಸಪೇಟೆ ಸುತ್ತ ನೂರು ರೂಪಾಯಿ ಬಾಂಡಿನ ಮೇಲೆ ನಿವೇಶನ ಕೊಳ್ಳುವವರಿಗೆ ಕೈ ಮುಗಿದು ಹೇಳುತ್ತೇನೆ: ನಮೂನೆ 9 ಇದೆಯೇ ಎಂದು ಕೇಳಿ, ಇಲ್ಲ ಅಂದರೆ ಮುಂಗಡ ಕೊಡಬೇಡಿ.

ಇನ್ನು ಅಳತೆ. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದ್ದರಿಂದ ನಮ್ಮ ಪಹಣಿಗಳಲ್ಲಿ ಎಕರೆ-ಸೆಂಟ್ಸ್. ಹೊಳೆಯಾಚೆ ಆನೆಗೊಂದಿಯಲ್ಲಿ ಎಕರೆ-ಗುಂಟೆ. ನಮೂನೆ 9ರಲ್ಲಿ ಚದರ ಮೀಟರ್. ಗೌಂಡಿಯ ಬಾಯಲ್ಲಿ ಅಡಿ. ಒಂದು ಸೆಂಟ್ ಎಂದರೆ 435.6 ಚದರ ಅಡಿ, ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್. 30 ಅಡಿಗೆ 40 ಅಡಿಯ ನಿವೇಶನ 1,200 ಚದರ ಅಡಿ, ಅಂದರೆ ಸುಮಾರು 111.5 ಚದರ ಮೀಟರ್, 2.75 ಸೆಂಟ್. ನಿಮ್ಮ ಕ್ರಯಪತ್ರ, ನಮೂನೆ 9, ನೆಲದ ಮೇಲಿನ ಅಳತೆ ಮೂರೂ ಒಂದೇ ಹೇಳುತ್ತವೆಯೇ ಎಂದು ಕೂತು ಲೆಕ್ಕ ಹಾಕಿ.

ನಮ್ಮ ಮನೆಯಲ್ಲಿ ಹಾಗೆ ಲೆಕ್ಕ ಹಾಕಲಿಲ್ಲ. ನಕ್ಷೆ ಬರೆದವರು ಜಾಗಕ್ಕೆ ಬಾರದೆ ಪತ್ರದಲ್ಲಿದ್ದ 30-40 ನೋಡಿ ಬರೆದುಕೊಟ್ಟರು. ಸ್ಥಳ ತನಿಖೆಗೆ ಬಂದವರು ಟೇಪು ಹಿಡಿದರೆ ಹಿಂದಿನ ಆಳ ಮೂವತ್ತೇಳೂವರೆ ಅಡಿ. ಪಕ್ಕದವರ ದನದ ಕೊಟ್ಟಿಗೆಯ ಗೋಡೆ ಎಷ್ಟೋ ವರ್ಷದಿಂದ ನಮ್ಮ ಕಡೆ ಬಂದಿತ್ತು, ಅಪ್ಪನಿಗೂ ಗೊತ್ತಿರಲಿಲ್ಲ. ಅರ್ಜಿ ವಾಪಸ್ಸು. ಪಕ್ಕದ ಮನೆಯ ದೊಡ್ಡಪ್ಪನ ಜೊತೆ ಮಾತಾಡಿ, ಮತ್ತೆ ಅಳೆಸಿ, ನಕ್ಷೆ ತಿದ್ದಿಸುವಷ್ಟರಲ್ಲಿ ಎರಡು ತಿಂಗಳು ಹೋಯಿತು. ಅಷ್ಟರಲ್ಲಿ ಮುಂಗಾರು ಹಿಡಿಯಿತು. ಮೊದಲೇ ತಂದಿಟ್ಟಿದ್ದ ಸಿಮೆಂಟು ಚೀಲಗಳು ತಂಪಿಗೆ ಕಲ್ಲಾದವು. ಅಮ್ಮ ಆ ಕಲ್ಲಾದ ಚೀಲಗಳನ್ನು ಹಿತ್ತಲಲ್ಲಿ ಬಟ್ಟೆ ಒಗೆಯುವ ಜಾಗಕ್ಕೆ ಸಾಲಾಗಿ ಇಡಿಸಿದರು. ಈಗಲೂ ಅಲ್ಲೇ ಇವೆ.

ಅರ್ಜಿ ಹಾಕುವ ಬಗೆ

ಅರ್ಜಿಯನ್ನು ಪಂಚಾಯಿತಿ ಕಚೇರಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಕೊಡಬಹುದು. ಜೊತೆಗೆ ನಮೂನೆ 9 ಮತ್ತು 11ಎ, ಕ್ರಯಪತ್ರ ಅಥವಾ ವಿಭಾಗಪತ್ರ ಅಥವಾ ಹಕ್ಕುಪತ್ರ, ಈ ವರ್ಷದವರೆಗೆ ಮನೆ ತೆರಿಗೆ ಕಟ್ಟಿದ ರಸೀದಿ, ಆಧಾರ್ ಪ್ರತಿ, ಕಟ್ಟಡದ ನಕ್ಷೆ ಇರಲಿ. ಹವಾಮಾ, ಪುರಾತತ್ವ, ಹೆದ್ದಾರಿ, ಅರಣ್ಯ ಇವುಗಳಲ್ಲಿ ನಿಮಗೆ ಅನ್ವಯಿಸುವ ಎನ್ಒಸಿ ಮೊದಲೇ ಕೈಯಲ್ಲಿರಲಿ. ಆಸ್ತಿ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದ್ದರೆ ಎಲ್ಲರ ಒಪ್ಪಿಗೆ ಪತ್ರ ಬೇಕು. ಇದನ್ನು ಕೊನೆಗೆ ನೋಡೋಣ ಎಂದು ಬಿಟ್ಟರೆ ಪುಣೆಯಲ್ಲಿರುವ ತಮ್ಮನ ಸಹಿಗಾಗಿ ಹಬ್ಬದವರೆಗೆ ಕಾಯಬೇಕಾಗುತ್ತದೆ.

ನಕ್ಷೆಯಲ್ಲಿ ನಾಲ್ಕು ದಿಕ್ಕಿನ ಚೆಕ್ಕುಬಂದಿ, ದಾರಿಯ ಅಗಲ, ಶೌಚಾಲಯ, ಬಚ್ಚಲ ನೀರು ಹೋಗುವ ದಾರಿ, ಸೆಟ್‌ಬ್ಯಾಕ್ ಕಾಣಬೇಕು. ಸೆಟ್‌ಬ್ಯಾಕ್ ಎಂದರೆ ಗೋಡೆಗೂ ಜಾಗದ ಗಡಿಗೂ ನಡುವೆ ಬಿಡುವ ಖಾಲಿ ಜಾಗ. ಮೆಟ್ಟಿಲು, ಸಜ್ಜೆ ಕೂಡ ಅದರ ಲೆಕ್ಕಕ್ಕೆ ಬರುತ್ತವೆ, ಅವನ್ನು ದಾರಿಗೆ ಚಾಚಬೇಡಿ. ಎರೆ ಮಣ್ಣಿನ ಜಾಗವಾದರೆ ಪಾಯದ ಆಳವನ್ನು ಇಂಜಿನಿಯರ್ ಹತ್ತಿರವೇ ಬರೆಸಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣು ಅದು, ಗೋಡೆಗೆ ಬಿರುಕು ತರುತ್ತದೆ.

ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ತೆಗೆದುಕೊಳ್ಳಿ. ಸಕಾಲ ಕಾಯ್ದೆಯಡಿ ಬರುವ ಸೇವೆಗೆ 15 ಅಂಕಿಯ ಸಂಖ್ಯೆ ಕೊಡುತ್ತಾರೆ. ಅವಧಿ ಮೀರಿದರೆ ಮೇಲ್ಮನವಿ ಹಾಕಲು ಅದೇ ಆಧಾರ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವೂ ಇದೆ. ದುಡ್ಡು ಚಿಕ್ಕದು, ಆದರೆ ಆ ಸಂಖ್ಯೆ ಇದ್ದರೆ ಅರ್ಜಿ ಎಲ್ಲೋ ಕಳೆದುಹೋಯಿತು ಎನ್ನುವಂತಿಲ್ಲ. ಆಮೇಲೆ ಪಂಚಾಯಿತಿಯವರು ಸ್ಥಳಕ್ಕೆ ಬರುತ್ತಾರೆ. ಆ ದಿನ ಮನೆಯವರೊಬ್ಬರು ಅಲ್ಲಿರಿ, ಪಕ್ಕದವರೂ ಇದ್ದರೆ ಒಳ್ಳೆಯದು. ಅರ್ಜಿ ಪಂಚಾಯಿತಿ ಸಭೆಗೆ ಹೋಗಿ ಠರಾವು ಆಗುತ್ತದೆ. ಸದಸ್ಯರ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿಯವರು ಅದನ್ನು ನೋಡುತ್ತಾರೆ. ಸಭೆ ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಮುಂದಿನ ಸಭೆ ಯಾವಾಗ ಎಂದು ಕೇಳಿಕೊಂಡು ಅದಕ್ಕೆ ಸಾಕಷ್ಟು ಮೊದಲೇ ಅರ್ಜಿ ಕೊಟ್ಟರೆ ಒಂದು ತಿಂಗಳು ಉಳಿಯುತ್ತದೆ.

60 ದಿನದಲ್ಲಿ ಪಂಚಾಯಿತಿ ಏನೂ ಹೇಳದಿದ್ದರೆ ಒಪ್ಪಿಗೆ ಸಿಕ್ಕಂತೆ ಎಂದು 64ನೇ ಪ್ರಕರಣ ಹೇಳುತ್ತದೆ, ನಿಜ. ಆದರೆ ಆಗಲೂ ನಿಯಮ ಮುರಿದು ಕಟ್ಟುವಂತಿಲ್ಲ. ಹವಾಮಾ, ಪುರಾತತ್ವದ ಅನುಮತಿಗೆ ಈ 60 ದಿನದ ಮಾತು ಅನ್ವಯಿಸುವುದೂ ಇಲ್ಲ. ಬ್ಯಾಂಕಿನವರು ಕೇಳುವುದು ಸಹಿ-ಮೊಹರಿನ ಕಾಗದವನ್ನೇ. ಹಾಗಾಗಿ 60 ದಿನ ಕಳೆದರೆ ಪಾಯ ತೋಡುವ ಬದಲು ಒಂದು ಪತ್ರ ಬರೆದು ಉತ್ತರ ಕೇಳಿ. ಅದಕ್ಕೂ ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. ನಮ್ಮ ರಾಜ್ಯದ ನಿಯಮದಂತೆ ಅದು 150 ಪದ ಮೀರಬಾರದು.

ಖರ್ಚು ಎಷ್ಟು?

ಪರವಾನಗಿ ಶುಲ್ಕ ಊರಿಂದ ಊರಿಗೆ ಬೇರೆ. ಅರ್ಜಿ ಕೊಡುವ ಮೊದಲು ದರಪಟ್ಟಿ ತೋರಿಸಲು ಕೇಳಿ, ಅದು ನಿಮ್ಮ ಹಕ್ಕು. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ರಸೀದಿ ಇಲ್ಲದ ಯಾವ 'ಫೀಸು' ಕೂಡ ಪಂಚಾಯಿತಿಯದಲ್ಲ. ನಕ್ಷೆಯವರ ಸಂಬಳವನ್ನು ಜಾಗಕ್ಕೆ ಬಂದು ಅಳೆಯುವುದೂ ಸೇರಿದಂತೆ ಮೊದಲೇ ಮಾತಾಡಿಕೊಳ್ಳಿ.

ಹಲವರಿಗೆ ಗೊತ್ತಿಲ್ಲದ ಖರ್ಚು ಒಂದಿದೆ. ಕೇಂದ್ರದ ಕಾನೂನಿನಂತೆ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಕಟ್ಟುವ ವೆಚ್ಚದ ಶೇ 1ರಷ್ಟು ಸೆಸ್ ಕಟ್ಟಬೇಕು. ಸ್ವಂತ ವಾಸದ ಮನೆಗೆ ಒಂದು ಮಿತಿಯವರೆಗೆ ಇದು ಇಲ್ಲ. 2025ರ ನವೆಂಬರ್‌ವರೆಗೆ ಆ ಮಿತಿ 10 ಲಕ್ಷ ರೂಪಾಯಿ ಇತ್ತು, ಈಗಿನದನ್ನು ವಿಚಾರಿಸಿಕೊಳ್ಳಿ. ನಮ್ಮ ಗೌಂಡಿ, ಅವನ ಹಿಂದೆ ಬುಟ್ಟಿ ಹೊರುವ ಹೆಣ್ಣುಮಕ್ಕಳು ಕಾರ್ಮಿಕ ಕಾರ್ಡ್ ಮಾಡಿಸಿದ್ದರೆ ಅವರ ಮಕ್ಕಳ ಓದಿಗೆ, ಆಸ್ಪತ್ರೆ ಖರ್ಚಿಗೆ ಸಿಗುವ ನೆರವು ಈ ದುಡ್ಡಿನಿಂದಲೇ. ಈ ಒಂದು ಖರ್ಚನ್ನು ತಪ್ಪಿಸಬೇಡಿ. ನಿಮ್ಮ ಕೆಲಸದವರಿಗೆ ಕಾರ್ಡ್ ಇದೆಯೇ ಎಂದೂ ವಿಚಾರಿಸಿ.

ಪರವಾನಗಿ ಬಂದ ಮೇಲೆ

ಕಾಗದ ಬಂದ ದಿನ ಅದನ್ನು ಪೂರ್ತಿ ಓದಿ. ಎಷ್ಟು ಅವಧಿಗೆ, ಎಷ್ಟು ಅಂತಸ್ತಿಗೆ, ಯಾವ ಷರತ್ತಿಗೆ ಎಂದು ಅದರಲ್ಲೇ ಇರುತ್ತದೆ. ನೆಲಮಹಡಿಗೆ ಮಾತ್ರ ಇದ್ದರೆ ಮೇಲೆ ಕೋಣೆ ಹಾಕಲು ಮತ್ತೆ ಅರ್ಜಿ ಹಾಕಬೇಕು. ಅವಧಿ ಮುಗಿಯುವ ಮೊದಲು ಕೆಲಸ ಮುಗಿಯದಿದ್ದರೆ ನವೀಕರಣ ಕೇಳಿ. ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟಡದ ಜಾಗದಲ್ಲೇ ಇಡಿ. ಯಾರಾದರೂ ಬಂದು ಕೇಳಿದಾಗ ಗೌಂಡಿ ಅದನ್ನೇ ತೋರಿಸಲಿ.

ಕರೆಂಟಿಗೆ ಜೆಸ್ಕಾಂ ಸೆಕ್ಷನ್ ಆಫೀಸಿಗೆ ಮನೆ ಮುಗಿಯುವ ಮೊದಲೇ ಒಮ್ಮೆ ಹೋಗಿ ಬನ್ನಿ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ ಕಟ್ಟಡ ನಕ್ಷೆಯಂತೆ ಮುಗಿದಿದೆ ಎಂಬ ಪ್ರಮಾಣಪತ್ರ ನೋಡಿಯೇ ಕರೆಂಟ್, ನೀರಿನ ಸಂಪರ್ಕ ಕೊಡಬೇಕು ಎಂದು ಹೇಳಿದೆ. ನಿಮ್ಮಂಥ ಮನೆಗೆ ಯಾವ ಕಾಗದ ಸಾಕು ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಕಟ್ಟುವಾಗಿನ ತಾತ್ಕಾಲಿಕ ಸಂಪರ್ಕ ಬೇರೆ, ಮನೆಯ ಕಾಯಂ ಸಂಪರ್ಕ ಬೇರೆ.

ಗೃಹಪ್ರವೇಶದ ಗಡಿಬಿಡಿ ಮುಗಿದ ವಾರ ಮತ್ತೊಮ್ಮೆ ಪಂಚಾಯಿತಿಗೆ ಹೋಗಿ ಕಟ್ಟಡವನ್ನು ತೆರಿಗೆಗೆ ಸೇರಿಸಲು ಅರ್ಜಿ ಕೊಡಿ. ಹೊಸ ನಮೂನೆ 9 ಕೈಗೆ ಬಂದಾಗ ನಾಲ್ಕು ಕಡೆ ಕಣ್ಣಾಡಿಸಿ: ಹೆಸರಿನ ಅಕ್ಷರ, ಅಳತೆ, ಚೆಕ್ಕುಬಂದಿ, ಮತ್ತು 'ಖಾಲಿ ನಿವೇಶನ' ಎಂದಿದ್ದ ಜಾಗದಲ್ಲಿ ಈಗ 'ಕಟ್ಟಡ' ಎಂದು ಬಂದಿದೆಯೇ ಎಂಬುದು. ತಪ್ಪಿದ್ದರೆ ಅಲ್ಲೇ ಕೂತು ತಿದ್ದುಪಡಿಗೆ ಅರ್ಜಿ ಬರೆದುಕೊಟ್ಟು, ಅದರ ಸ್ವೀಕೃತಿಯನ್ನೂ ಅದೇ ಕವರಿಗೆ ಸೇರಿಸಿ.